ಯಾರೂ ಬೇಡ ಅನ್ನದ ಮಧ್ಯಾಹ್ನ

ಆ ದಿನ ಸಂಜೆ ಜೀಪಿನಲ್ಲಿ ವಾಪಸ್ ಬರುವಾಗ ನನಗೆ ಖುಷಿಯೋ ಖುಷಿ. ಮಡಿಲಲ್ಲಿ ಫೈಲು, ಫೈಲಿನೊಳಗೆ ನಮ್ಮ ವೈದ್ಯಕೀಯ ಅಧ್ಯಯನಕ್ಕೆ ಸೇರಲು 42 ಹೆಂಗಸರ ಒಪ್ಪಿಗೆ ಪತ್ರ. ಎಲ್ಲದಕ್ಕೂ ಸಹಿಯೋ ಹೆಬ್ಬೆಟ್ಟೋ ಬಿದ್ದಿತ್ತು. ಕಾರ್ಕಳದ ಕಡೆಯ ಒಂದು ಬೀಡಿ ಬ್ರಾಂಚಿನ (ಕಟ್ಟಿದ ಬೀಡಿ ತಂದು ಕೊಡುವ ಜಾಗ) ಜಗಲಿಯಲ್ಲಿ ಕೂತು ಎರಡೂವರೆ ಗಂಟೆಯಲ್ಲಿ ಮುಗಿಸಿದ ಕೆಲಸ. ಒಬ್ಬರೂ ಬೇಡ ಅನ್ನಲಿಲ್ಲ. ‘ಮೊದಲ ದಿನವೇ ನೂರಕ್ಕೆ ನೂರು’ ಅಂತ ನಮ್ಮ ತಂಡದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅಲ್ಲಿಯೂ ಎಲ್ಲರೂ ಹೆಬ್ಬೆಟ್ಟು ಎತ್ತಿದರು.

ಈಗ ಹೊಸಬರು ಯಾರಾದರೂ ಬಂದು ಹಾಗೆ ಹೇಳಿದರೆ ನಾನು ಕೇಳುವುದು ಎರಡೇ ಪ್ರಶ್ನೆ. ಎಲ್ಲಿ ಕೂತು ಕೇಳಿದಿರಿ? ಪಕ್ಕದಲ್ಲಿ ಯಾರಿದ್ದರು?

ನಾನು ಡಾಕ್ಟರಲ್ಲ. ಎಂ.ಎಸ್.ಡಬ್ಲ್ಯೂ. ಮಾಡಿ, ಉಡುಪಿ ಜಿಲ್ಲೆಯ ಹಳ್ಳಿಗಳಲ್ಲಿ ವೈದ್ಯಕೀಯ ಸಂಶೋಧನೆಯ ಫೀಲ್ಡ್ ಕೆಲಸ ಮಾಡುತ್ತಾ ಬಂದವಳು. ಮನೆ ಮನೆಗೆ ಹೋಗುವುದು, ವಿಷಯ ತಿಳಿಸುವುದು, ಒಪ್ಪಿದರೆ ಸಹಿ ತಗೊಳ್ಳುವುದು, ಆಮೇಲೆ ತಿಂಗಳುಗಟ್ಟಲೆ ಅವರ ಬೆನ್ನು ಹತ್ತುವುದು. ಆ ಅಧ್ಯಯನ ಬೀಡಿ ಕಟ್ಟುವ ಹೆಂಗಸರ ರಕ್ತಹೀನತೆಯ ಬಗ್ಗೆ. ಎರಡು ಹಂತ ಇತ್ತು. ಮೊದಲು 5 ಎಂ.ಎಲ್. ರಕ್ತ ತೆಗೆದು ಹಿಮೋಗ್ಲೋಬಿನ್ ನೋಡುವುದು. ಅದು 12 ಗ್ರಾಂಗಿಂತ ಕಡಿಮೆ ಇದ್ದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಾ ಕಬ್ಬಿಣಾಂಶದ ಮಾತ್ರೆ, ಇನ್ನೊಂದಕ್ಕೆ ದಿನ ಬಿಟ್ಟು ದಿನ. ಯಾವುದರಲ್ಲಿ ಜಾಸ್ತಿ ಉಪಯೋಗ ಅಂತ ನೋಡುವುದು. ಅಪಾಯದ ಕೆಲಸ ಏನಲ್ಲ. ಅದಕ್ಕೇ ನಾವು ಒಪ್ಪಿಗೆಯನ್ನು ಅಷ್ಟು ಹಗುರವಾಗಿ ತಗೊಂಡದ್ದು.

ಎರಡು ವಾರ ಬಿಟ್ಟು ರಕ್ತ ತೆಗೆಯಲು ಅದೇ ಊರಿನ ಅಂಗನವಾಡಿಗೆ ಹೋದೆವು. ಮೊದಲು ಬಂದ ಅಕ್ಕ ಕುರ್ಚಿಯಲ್ಲಿ ಕೂತು, ತೋಳು ಚಾಚುವ ಮೊದಲು ಕೇಳಿದರು: ‘ಮೇಡಂ, ಸಾಲ ಯಾವಾಗ ಆಗ್ತದೆ?’

ನನಗೆ ಅರ್ಥವಾಗಲಿಲ್ಲ. ಎಂತ ಸಾಲ ಅಂತ ಕೇಳಿದೆ. ‘ಅವತ್ತು ಬ್ರಾಂಚಿನಲ್ಲಿ ಸೈನ್ ಹಾಕಿಸಿದ್ರಲ್ಲ’ ಅಂದರು.

ಅವರದ್ದು ತಪ್ಪಲ್ಲ. ನಮ್ಮ ಕಡೆ ಹೆಂಗಸರು ವಾರಕ್ಕೊಮ್ಮೆ ಸಂಘದಲ್ಲಿ ಸೇರುತ್ತಾರೆ. ಉಳಿತಾಯಕ್ಕೆ ಸಹಿ, ಸಾಲಕ್ಕೆ ಸಹಿ, ಪಕ್ಕದ ಮನೆಯವಳ ಸಾಲಕ್ಕೆ ಜಾಮೀನಿನ ಸಹಿ. ಯಾರೋ ನೀಟಾಗಿ ಸೀರೆ ಉಟ್ಟವರು ಫೈಲು ಹಿಡಿದು ಬಂದು, ಅರ್ಧ ಓದಿ, ‘ಇಲ್ಲೊಂದು, ಇಲ್ಲೊಂದು’ ಅಂತ ಬೆರಳು ತೋರಿಸಿದರೆ ಕೈ ತನ್ನಷ್ಟಕ್ಕೇ ಸಹಿ ಹಾಕುತ್ತದೆ. ಉಡುಪಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲೇ ಶೇ. 86 ದಾಟಿತ್ತು. ಓದಲು ಬಾರದ್ದು ಇಲ್ಲಿ ದೊಡ್ಡ ಸಮಸ್ಯೆಯಲ್ಲ. ಓದದೆ ಸಹಿ ಹಾಕುವ ಅಭ್ಯಾಸ ಸಮಸ್ಯೆ. ಅದನ್ನು ಕಲಿಸಿದ್ದು ನಮ್ಮಂಥವರೇ, ಫೈಲು ಹಿಡಿದು ಬರುವವರು.

ಇನ್ನೊಬ್ಬರನ್ನು ಕೇಳಿದೆ. ‘ಕಂಟ್ರಾಕ್ಟ್ರು ಹಾಕ್ಲಿಕ್ಕೆ ಹೇಳಿದ್ರು, ಹಾಕಿದೆ’ ಅಂದರು. ಅಷ್ಟು ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಒಂಥರಾ ಆಗಿತ್ತು. ಬ್ರಾಂಚಿನ ವ್ಯವಹಾರ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಂಗಸರು ವಾರವಿಡೀ ಕಟ್ಟಿದ ಬೀಡಿಯನ್ನು ಅಲ್ಲಿ ತಂದು ಕೊಡಬೇಕು. ಎಲೆ, ಹೊಗೆಸೊಪ್ಪು ಅಲ್ಲಿಂದಲೇ ತಗೊಂಡು ಹೋಗಬೇಕು. ‘ಇದು ಸರಿಯಿಲ್ಲ’ ಅಂತ ಬೀಡಿಯನ್ನು ಬದಿಗೆ ಹಾಕುವುದು ಆ ಕಂಟ್ರಾಕ್ಟರರ ಕೈಯಲ್ಲಿದೆ. ಅವರು ಒಳ್ಳೆಯವರೇ. ನಮಗೆ ಕುರ್ಚಿ ಕೊಟ್ಟು, ಶರಬತ್ತು ತರಿಸಿ, ‘ಹೋಗಿ ಹೋಗಿ, ಮೇಡಮಿಗೆ ಒಂದು ಸೈನ್ ಹಾಕಿ’ ಅಂತ ಸಹಾಯವೇ ಮಾಡಿದ್ದರು. ಆ ಸಹಾಯದಿಂದಲೇ ಎಲ್ಲ ಹಾಳಾದದ್ದು. ಅವರ ಮುಂದೆ ನಿಂತು ‘ಬೇಡ’ ಅನ್ನುವ ಧೈರ್ಯ ಯಾರಿಗಿದೆ? ಲೆಕ್ಕ ಹಾಕಿ ನೋಡಿದೆ. ಎರಡೂವರೆ ಗಂಟೆಗೆ 42 ಜನ. ಒಬ್ಬೊಬ್ಬರಿಗೆ ನಾಲ್ಕು ನಿಮಿಷವೂ ಸಿಕ್ಕಿರಲಿಲ್ಲ.

ರಕ್ತ ತೆಗೆಯುವುದನ್ನು ಅಲ್ಲಿಗೇ ನಿಲ್ಲಿಸಿದೆವು. ರಾತ್ರಿ ನಮ್ಮ ಹಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ‘ಖಮ್ಮಂ ವಿಷಯ ಓದಿದ್ದೀಯಾ?’ ಅಂತ ಮಾತ್ರ ಕೇಳಿದರು. ಓದಿದ್ದೆ, ಪರೀಕ್ಷೆಗೆ. 2009–10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತಡೆಯುವ) ಲಸಿಕೆ ಹಾಕುವ ಯೋಜನೆ ನಡೆದಿತ್ತು. ಹಾಸ್ಟೆಲಿನಲ್ಲಿದ್ದ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಅದನ್ನು ಓದುವಾಗ ‘ಛೆ, ಹೀಗೂ ಮಾಡ್ತಾರಾ’ ಅಂದುಕೊಂಡವಳು ನಾನು. ನಮ್ಮ ಹೆಂಗಸರು ತಾವೇ ಸಹಿ ಹಾಕಿದ್ದರು, ಅಷ್ಟೇ ವ್ಯತ್ಯಾಸ. ಜಗಲಿಯಲ್ಲಿ ಒಬ್ಬ ವಾರ್ಡನ್ ನಮಗೂ ಇದ್ದರು.

ಅಧ್ಯಯನಗಳಿಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ನಡೆದದ್ದನ್ನು ಬರೆದುಕೊಟ್ಟೆವು. ಇದಕ್ಕೆ ಪ್ರೊಟೊಕಾಲ್ ಡೀವಿಯೇಷನ್ ಅನ್ನುತ್ತಾರೆ. ಹೀಗೆ ಮಾಡ್ತೇವೆ ಅಂತ ಹೇಳಿ ಬೇರೆ ಥರ ಮಾಡಿದ್ದಕ್ಕೆ ತಪ್ಪೊಪ್ಪಿಗೆ. ಕಮಿಟಿಯಲ್ಲಿ ಡಾಕ್ಟರುಗಳು ಮಾತ್ರ ಇರುವುದಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ 7ರಿಂದ 15 ಸದಸ್ಯರು, ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಜೊತೆಗೆ ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ವ್ಯಕ್ತಿ. ನಮ್ಮ ಕಮಿಟಿಯ ಆ ಸಾಮಾನ್ಯ ವ್ಯಕ್ತಿ ಒಬ್ಬರು ನಿವೃತ್ತ ಟೀಚರ್. ಅವರು ನಮ್ಮ ಕನ್ನಡ ಪತ್ರವನ್ನು ಗಟ್ಟಿಯಾಗಿ ಓದಲು ಶುರು ಮಾಡಿದರು. ಮೂರನೇ ಸಾಲಿಗೆ ನಿಲ್ಲಿಸಿ, ‘ಇದನ್ನು ಪಾಸ್ ಮಾಡಿದ್ದೂ ನಾವೇ ಅಲ್ವಾ? ನಾನೂ ಸರಿ ಓದಿಲ್ಲ ಅಂತಾಯ್ತು’ ಅಂದರು.

ಆ ಪತ್ರದ ಕನ್ನಡದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಧ್ಯಯನದಲ್ಲಿ ಭಾಗವಹಿಸುವ ಮನುಷ್ಯರನ್ನು ಇಂಗ್ಲಿಷಿನ ಹಳೇ ಪತ್ರಗಳಲ್ಲಿ ‘ಸಬ್ಜೆಕ್ಟ್’ ಅಂತ ಬರೆಯುತ್ತಿದ್ದರು. ನಮ್ಮ ಪತ್ರದಲ್ಲಿ ಅದು ‘ವಿಷಯ’ ಆಗಿತ್ತು. ‘ವಿಷಯದ ತೋಳಿನಿಂದ ರಕ್ತವನ್ನು ಎಳೆಯಲಾಗುವುದು.’ ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ ಅಂತ ಹೇಳಬೇಕಾದ ಕಡೆ ‘ಮಲದ ವರ್ಣದಲ್ಲಿ ವ್ಯತ್ಯಾಸ ಸಂಭವನೀಯ’ ಅಂತಿತ್ತು. ಎಷ್ಟೋ ಹೆಂಗಸರು ಮಾತ್ರೆ ಬಿಡುವುದು ಇದೊಂದೇ ಹೆದರಿಕೆಗೆ. ಮತ್ತೊಂದು ಕಡೆ ‘ನಿಯಂತ್ರಣ ಗುಂಪು’, ಅಂದರೆ ಹೋಲಿಸಿ ನೋಡಲು ಇಟ್ಟ ಗುಂಪು. ಆ ಶಬ್ದ ಕೇಳಿ ಒಬ್ಬರು ನನ್ನನ್ನು ಬದಿಗೆ ಕರೆದು ಮೆಲ್ಲ ಕೇಳಿದ್ದರು, ‘ನಿಯಂತ್ರಣ ಅಂದ್ರೆ ಆಪರೇಷನ್ ಆದವರದ್ದಾ? ನನಗೆ ಆಗಿದೆ.’

ಇದೆಲ್ಲ ಹೇಗೆ ಪಾಸಾಯಿತು ಅಂತ ಕೇಳಬಹುದು. ಕನ್ನಡಕ್ಕೆ ಮಾಡಿದ್ದನ್ನು ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ಮಾಡಬೇಕು, ಎರಡೂ ಇಂಗ್ಲಿಷ್ ಹೊಂದಿದರೆ ಅನುವಾದ ಸರಿ ಅಂತ ಪದ್ಧತಿ. ತಮಾಷೆ ನೋಡಿ. ‘ವಿಷಯ’ ತಿರುಗಿ ‘ಸಬ್ಜೆಕ್ಟ್’ ಆಗುತ್ತದೆ, ‘ನಿಯಂತ್ರಣ’ ತಿರುಗಿ ‘ಕಂಟ್ರೋಲ್’ ಆಗುತ್ತದೆ. ಶಬ್ದಕ್ಕೆ ಶಬ್ದ ಇಟ್ಟ ಅನುವಾದಕ್ಕೆ ಫುಲ್ ಮಾರ್ಕು. ಚೆನ್ನಾಗಿ ಬಿಡಿಸಿ ಹೇಳಿದರೆ ಮಾರ್ಕು ಕಟ್. ನಮ್ಮ ಪತ್ರಕ್ಕೆ ಸರ್ಟಿಫಿಕೇಟ್ ಸಮೇತ ಬಂದಿತ್ತು.

ಹೊಸ ಪತ್ರವನ್ನು ಟೀಚರ್ ಮತ್ತು ನಾನು ಕೂತು ಬರೆದೆವು. ಒಂದು ಶಬ್ದಕ್ಕೆ ಮಾತ್ರ ತುಂಬಾ ಒದ್ದಾಡಿದೆವು. ಇದನ್ನು ಎಂತ ಅಂತ ಕರೆಯುವುದು? ‘ಸಂಶೋಧನೆ’ ಅಂದರೆ ಯಾರದೋ ಪಿಎಚ್‌ಡಿ. ‘ಪರೀಕ್ಷೆ’ ಅಂದರೆ ಲ್ಯಾಬಿನ ಪರೀಕ್ಷೆ, ರಿಪೋರ್ಟ್ ಬರಬೇಕು. ‘ಪ್ರಯೋಗ’ ಅಂತ ಒಂದು ಮನೆಯಲ್ಲಿ ಬಾಯಿತಪ್ಪಿ ಹೇಳಿದೆ. ಅಜ್ಜಿ ಕೂತಲ್ಲೇ ಹಿಂದೆ ಸರಿದರು. ನಮ್ಮ ಕಡೆ ಮಾಟದ ಜೊತೆ ಬರುವ ಶಬ್ದ ಅದು. ಕೊನೆಗೆ ಒಂದು ಶಬ್ದದ ಆಸೆ ಬಿಟ್ಟು ವಾಕ್ಯವನ್ನೇ ಬರೆದೆವು: ‘ಇದು ನಿಮಗೆ ಮದ್ದು ಮಾಡುವ ಕೆಲಸ ಅಲ್ಲ. ಯಾವ ರೀತಿ ಮಾತ್ರೆ ಕೊಟ್ಟರೆ ಒಳ್ಳೆಯದು ಅಂತ ನಮಗೂ ಗೊತ್ತಿಲ್ಲ. ಅದನ್ನು ತಿಳಿಯಲು ನಿಮ್ಮ ಸಹಾಯ ಕೇಳುತ್ತಿದ್ದೇವೆ.’ ‘ನಮಗೂ ಗೊತ್ತಿಲ್ಲ’ ಅನ್ನುವ ಮಾತು ತಂಡದ ಕೆಲವರಿಗೆ ರುಚಿಸಲಿಲ್ಲ. ಜನ ಡಾಕ್ಟರ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ ಅಂದರು. ನಾನು ಹಟ ಹಿಡಿದೆ. ಗೊತ್ತಿದ್ದರೆ ಅಧ್ಯಯನ ಯಾಕೆ ಮಾಡಬೇಕು, ಸುಮ್ನೆ ಮಾತ್ರೆ ಕೊಟ್ಟರಾಯಿತಲ್ಲ?

ಪತ್ರ ಕನ್ನಡದಲ್ಲಿ, ಮಾತು ತುಳುವಿನಲ್ಲಿ. ತುಳುವನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟು ನೋಡಿದ್ದೂ ಆಯಿತು. ಓದಿ ನಕ್ಕರು. ಮಾತಾಡುವ ಭಾಷೆಯನ್ನು ಓದುವ ಅಭ್ಯಾಸ ಯಾರಿಗೂ ಇರಲಿಲ್ಲ. ಬ್ಯಾರಿ ಮಾತಾಡುವ ಮನೆಗಳಿಗೆ ಆ ಭಾಷೆಯ ಹುಡುಗಿಯೊಬ್ಬಳನ್ನು ಸೇರಿಸಿಕೊಂಡೆವು. ಬಿಳಿ ಕೋಟು ಮನೆಯಲ್ಲೇ ಬಿಟ್ಟೆವು. ಕೋಟು ಹಾಕಿದ್ದರೆ ನೀವು ಎಷ್ಟೇ ಹೇಳಿ, ಅವರ ಲೆಕ್ಕಕ್ಕೆ ಅದು ಚಿಕಿತ್ಸೆಯೇ.

ತುಳುವಿನಲ್ಲಿ ಎರಡು ಮಾತು ಉಂಟು. ಈ ಕೆಲಸಕ್ಕೆ ಬರುವವರು ಮೊದಲು ಅದನ್ನು ಕಲಿಯಬೇಕು. ಒಂದು ‘ಆವು’, ಅಂದರೆ ಆಯ್ತು, ಆಗಲಿ. ಇನ್ನೊಂದು ‘ತೂಕ’, ಅಂದರೆ ನೋಡೋಣ. ನಮ್ಮ ತಂಡಕ್ಕೆ ಬಯಲುಸೀಮೆಯಿಂದ ಬಂದ ಯುವ ಡಾಕ್ಟರೊಬ್ಬರಿದ್ದರು. ಒಂದು ಮನೆಯಲ್ಲಿ ಎಲ್ಲ ವಿವರಿಸಿದ ಮೇಲೆ ಆ ಮನೆಯ ಅಮ್ಮ ‘ತೂಕ’ ಅಂದರು. ಇವರು ಖುಷಿಯಿಂದ ಬ್ಯಾಗಿನಿಂದ ತೂಕದ ಮಿಷನ್ ತೆಗೆದು ಅಂಗಳದಲ್ಲಿಟ್ಟರು. ಅಮ್ಮ ಪಾಪ, ಬಂದವರಿಗೆ ಬೇಸರ ಆಗಬಾರದು ಅಂತ ಹತ್ತಿ ನಿಂತರು. ನಾವು ಜೀಪಿನಲ್ಲಿ ನಕ್ಕದ್ದೇ ನಕ್ಕದ್ದು. ರಾತ್ರಿ ಮಲಗಿದಾಗ ಮಾತ್ರ ಅದು ನಗುವ ವಿಷಯ ಅನ್ನಿಸಲಿಲ್ಲ. ಅವರು ಬೇಡ ಅಂದಿದ್ದರು. ನಮ್ಮವರ ಬಾಯಲ್ಲಿ ‘ಬೊಡ್ಚಿ’ ಅಂತ ನೇರವಾಗಿ ಬರುವುದು ಕಡಿಮೆ, ಅದೂ ಮನೆಗೆ ಬಂದವರ ಮುಂದೆ. ಬೆಲ್ಲ ನೀರು ಕೊಟ್ಟು ಕೂರಿಸಿದ ಮೇಲೆ ಬೇಡ ಅನ್ನುವುದು ಹೇಗೆ? ‘ತೂಕ’ ಅಂದರೆ ಮುಕ್ಕಾಲು ಪಾಲು ‘ಬೇಡ’ ಅಂತಲೇ. ‘ಆವು’ ಅಂದರೂ ಅದು ‘ಒಪ್ಪಿದೆ’ ಆಗಬೇಕೆಂದಿಲ್ಲ. ‘ನಿಮ್ಮ ಮಾತು ಮುಗಿಯಿತಲ್ಲ, ಆವು’ ಅಂತಲೂ ಆಗಬಹುದು.

ಹಾಗಾದರೆ ಗೊತ್ತಾಗುವುದು ಹೇಗೆ? ನನಗೆ ದಾರಿ ತೋರಿಸಿದ್ದು ಅವರ ಕೈ. ನಾವು ಹೋದರೆ ಯಾರೂ ಬೀಡಿ ಕಟ್ಟುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಲು ಆಗುವುದೂ ಇಲ್ಲ, ಲೆಕ್ಕ ತಪ್ಪುತ್ತದೆ. ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಕತ್ತರಿಸಿದ ಎಲೆ ಎತ್ತುವುದು, ಚಿಟಿಕೆ ಹೊಗೆಸೊಪ್ಪು ಹರಡುವುದು, ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಸುತ್ತಿ ಹರಿಯುವುದು. ಕಣ್ಣು ನಮ್ಮ ಮೇಲೆ, ಕೈ ಅದರಷ್ಟಕ್ಕೆ. ನಾನು ಹೇಳುತ್ತಾ ಹೋದ ಹಾಗೆ ಕೈ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ನನ್ನ ಮಾತು ರೇಡಿಯೋದ ಹಾಗೆ ಬದಿಯಲ್ಲಿ ಹಾಡುತ್ತಿದೆ ಅಂತ ಅರ್ಥ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಒಂದು ಪ್ರಶ್ನೆ ಇದೆ. ‘ಉಳಿದ ರಕ್ತವನ್ನು ಫ್ರೀಜರಿನಲ್ಲಿ ಐದು ವರ್ಷ ಇಡುತ್ತೇವೆ’ ಅನ್ನುವಾಗ ಹೆಚ್ಚಿನವರ ಕೈ ನಿಲ್ಲುತ್ತಿತ್ತು. ಆಗ ನಾನೂ ನಿಲ್ಲಿಸುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಪ್ರಶ್ನೆ ತಾನಾಗಿ ಹೊರಗೆ ಬರುತ್ತದೆ. ‘ಐದು ವರ್ಷ ಯಾಕೆ? ಮಾರ್ತೀರಾ?’

‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಬಿಟ್ಟೆ. ಆ ಪ್ರಶ್ನೆಗೆ ಯಾರೂ ಇಲ್ಲ ಅನ್ನುವುದಿಲ್ಲ. ಬದಲಿಗೆ, ‘ಸಂಜೆ ಅತ್ತೆ ಕೇಳಿದರೆ ಎಂತ ಹೇಳ್ತೀರಿ, ಇವರು ಯಾಕೆ ಬಂದದ್ದು ಅಂತ?’ ಅನ್ನುತ್ತಿದ್ದೆ. ಆಗ ನಿಜ ಹೊರಬೀಳುತ್ತದೆ. ‘ನಮ್ಮಲ್ಲಿ ರಕ್ತ ಇಲ್ಲ ಅಂತ ನೋಡಿ, ರಕ್ತ ಕೊಡ್ಲಿಕ್ಕೆ ಬಂದವರು’ ಅಂದವರೂ ಇದ್ದಾರೆ. ಹಾಗಿದ್ದರೆ ಪುನಃ ಮೊದಲಿನಿಂದ. ‘5 ಎಂ.ಎಲ್.’ ಅನ್ನುವುದನ್ನೂ ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ. ಒಂದು ಚಮಚ ಅಂದರೆ ಕೆಲವರ ಮನಸ್ಸಿಗೆ ಬರುವುದು ಸಾರು ಬಡಿಸುವ ಸೌಟು. ಕೆಮ್ಮಿನ ಸಿರಪ್ಪಿನ ಬಾಟಲಿ ಮೇಲೆ ಗೆರೆ ಹಾಕಿದ ಮುಚ್ಚಳ ಇರುತ್ತದಲ್ಲ, ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡೆ. 5ರ ಗೆರೆವರೆಗೆ ಅವರಿಂದಲೇ ನೀರು ಹಾಕಿಸುತ್ತಿದ್ದೆ. ಎರಡು ರೂಪಾಯಿಯೂ ಬಾಳದ ಆ ಮುಚ್ಚಳ, ನಮ್ಮ ನಾಲ್ಕು ಪುಟದ ಪತ್ರಕ್ಕಿಂತ ಜಾಸ್ತಿ ಕೆಲಸ ಮಾಡಿದೆ.

ಹೀಗೆ ಆ 42 ಮನೆಗಳಿಗೂ ಒಂದೊಂದಾಗಿ ಹೋದೆವು. ಒಂದೊಂದು ಮನೆಗೆ ಮುಕ್ಕಾಲು ಗಂಟೆ. ಅವತ್ತೇ ಸಹಿ ಕೇಳುತ್ತಿರಲಿಲ್ಲ. ಪತ್ರ ಕೊಟ್ಟು, ‘ಎರಡು ದಿನ ಬಿಟ್ಟು ಬರ್ತೇನೆ’ ಅಂತ ಬರುತ್ತಿದ್ದೆ. ಗಂಡ ಮುಂಬೈಯಲ್ಲೋ ಕುವೈತಿನಲ್ಲೋ ಇದ್ದರೆ ರಾತ್ರಿ ವಿಡಿಯೋ ಕಾಲಿನಲ್ಲಿ ಚರ್ಚೆ. ಅದರಲ್ಲಿ ತಪ್ಪೇನಿಲ್ಲ. ಕೇಳಿಕೊಳ್ಳಲಿ, ಆದರೆ ಕೊನೆಗೆ ಸಹಿ ಅವರದ್ದೇ ಆಗಬೇಕು. ಗಂಡ ಬೇಡ ಅಂದರೂ ತಾನು ಬರ್ತೇನೆ ಅಂದವರು ಒಬ್ಬರೇ. ಇಂಗ್ಲಿಷ್ ಮೀಡಿಯಂ ಮೊಮ್ಮಗಳು ಕನ್ನಡ ಪತ್ರವನ್ನು ತಡವರಿಸುತ್ತಾ ಓದುವುದು, ಐದನೇ ಕ್ಲಾಸಿನ ಅಜ್ಜಿ ಕನ್ನಡಕ ಹಾಕಿ ಅದನ್ನು ತಿದ್ದುವುದು, ಅದನ್ನೂ ನೋಡಿದೆ.

42ರಲ್ಲಿ ಒಂಬತ್ತು ಮಂದಿ ಬೇಡ ಅಂದರು.

ನನಗೆ ಬೇಸರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಉಳಿದ 33 ಸಹಿಗಳ ಮೇಲೆ ಮೊದಲ ಸಲ ನಂಬಿಕೆ ಬಂತು. ಆಫೀಸಿನಲ್ಲಿ ಮಾತ್ರ ಮುಖ ಸಿಂಡರಿಸಿದವರು ಇದ್ದರು. ಹೀಗೇ ಹೋದರೆ ಸ್ಯಾಂಪಲ್ ತುಂಬುವುದು ಯಾವಾಗ, ಹಣ ಕೊಟ್ಟವರಿಗೆ ಎಂತ ಹೇಳುವುದು? ಆ ಪ್ರಶ್ನೆ ನಿಜವೇ. ಅಧ್ಯಯನ ಐದು ತಿಂಗಳು ತಡವಾಯಿತು.

ಆ ಒಂಬತ್ತರಲ್ಲಿ ಇಬ್ಬರು ಬಾಯಿಬಿಟ್ಟು ಹೇಳಿದ್ದು ಕೇಳಿ ನಾವು ಇನ್ನೆರಡು ಬದಲಾವಣೆ ಮಾಡಿದೆವು. ‘ಬೇಡ ಅಂದ್ರೆ ಆಸ್ಪತ್ರೆಯ ಹೆಲ್ತ್ ಕಾರ್ಡ್ ಕ್ಯಾನ್ಸಲ್ ಆಗ್ತದಾ?’ ಅಂತ ಅವರು ಕೇಳಿದ್ದರು. ಆಶಾ ಕಾರ್ಯಕರ್ತೆಗೆ ಬೇಸರವಾದರೆ ನಾಳೆ ಮಗಳ ಹೆರಿಗೆಗೆ ಯಾರು ಬರ್ತಾರೆ ಅನ್ನುವ ಹೆದರಿಕೆಯೂ ಇತ್ತು. ಆಮೇಲೆ ಆಶಾ ಅಕ್ಕನವರು ನಮಗೆ ದಾರಿ ತೋರಿಸಿ, ಪರಿಚಯ ಮಾಡಿಸಿ, ಅಲ್ಲಿಂದ ಹೋಗಿಬಿಡುವ ಹಾಗೆ ಮಾಡಿದೆವು. ಅವರು ಇರುವಾಗ ಒಪ್ಪಿಗೆಯ ಮಾತು ಎತ್ತುವುದೇ ಇಲ್ಲ. ಎರಡನೆಯದು, ಹಿಮೋಗ್ಲೋಬಿನ್ ನೋಡುವುದನ್ನು ಅಧ್ಯಯನದಿಂದ ಬೇರೆ ಮಾಡಿದೆವು. ಅಧ್ಯಯನಕ್ಕೆ ಬರದಿದ್ದರೂ ಬೆರಳು ಚುಚ್ಚಿ ನೋಡಿ ಹೇಳುತ್ತೇವೆ. 8ಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ, ಅಧ್ಯಯನ ಗಿಧ್ಯಯನ ಎಲ್ಲ ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಕಳಿಸುತ್ತೇವೆ. ಮಾತ್ರೆ ಹೇಗೂ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ನಾವು ಕೊಡುವ ಉಪಕಾರ ಅನ್ನುವ ಹಾಗೆ ತೋರಿಸುವುದು ಸರಿಯಲ್ಲ. ಇಷ್ಟು ಮಾಡಿದ ಮೇಲೆ ಬೇಡ ಅನ್ನುವವರು ಇನ್ನೂ ಸ್ವಲ್ಪ ಜಾಸ್ತಿಯಾದರು.

ಹೆಬ್ಬೆಟ್ಟಿನ ವಿಷಯದಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಸಹಿ ಹಾಕಲು ಬಾರದವರ ಹೆಬ್ಬೆಟ್ಟು ತಗೊಂಡರೆ, ಪಕ್ಕದಲ್ಲಿ ಸಾಕ್ಷಿಯೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು ಸಹಿ ಹಾಕಬೇಕು. ಆ ಸಾಕ್ಷಿ ನಮ್ಮವರಾಗಿರಬಾರದು. ಮೊದಲ ದಿನ ಹೆಬ್ಬೆಟ್ಟಿನ ಪತ್ರಗಳಿಗೆಲ್ಲ ಸಾಕ್ಷಿ ಹಾಕಿದ್ದು ನಮ್ಮ ಜೀಪಿನ ಡ್ರೈವರ್. ಅವರಿಗೆ ಸಂಬಳ ಕೊಡುವವರು ನಾವೇ. ಅದೂ ಅಲ್ಲದೆ ಅವರು ಅಷ್ಟು ಹೊತ್ತೂ ಹೊರಗೆ ಮಾವಿನ ಮರದ ನೆರಳಲ್ಲಿ ಮಲಗಿದ್ದರು.

ಒಬ್ಬರು ಅಜ್ಜಿ ಎಲ್ಲ ಕೇಳಿದರು, ಸಿರಪ್ಪಿನ ಮುಚ್ಚಳಕ್ಕೆ ನೀರು ಹಾಕಿ ನೋಡಿದರು, ‘ನೆತ್ತೆರ್ ಕೊಡ್ತೇನೆ’ ಅಂದರು. ಇಂಕ್ ಪ್ಯಾಡ್ ತೆಗೆದದ್ದೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಅವರ ಮಾವ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಕ್ಕೆ ಗೇಣಿ ಜಾಗ ಕೈಬಿಟ್ಟು ಹೋಗಿತ್ತಂತೆ. ಇವರು ಸೊಸೆಯಾಗಿ ಆ ಮನೆ ಸೇರಿದ ವರ್ಷ. ‘ರೇಶನ್ ಅಂಗಡಿಯ ಮಿಷನ್ನಿಗೆ ನನ್ನ ಬೆರಳೇ ಬೀಳುವುದಿಲ್ಲ, ಬೀಡಿ ಕಟ್ಟಿ ಗೆರೆ ಸವೆದಿದೆ. ನಿಮ್ಮ ಕಾಗದಕ್ಕೆ ಬೀಳ್ತದಾ?’ ಅಂತ ತಮಾಷೆಗೆ ಹೇಳಿದರು. ಆದರೆ ಕೈ ಹೊರಗೆ ಬರಲಿಲ್ಲ. ರಕ್ತ ಕೊಡಬಹುದು, ಹೆಬ್ಬೆಟ್ಟು ಕೊಡಲಾಗದು. ಅವರ ಲೆಕ್ಕದಲ್ಲಿ ಯಾವುದು ಜಾಸ್ತಿ ಬೆಲೆಯದ್ದು ಅಂತ ನನಗೆ ಅವತ್ತು ಗೊತ್ತಾಯಿತು.

ಇದಕ್ಕೂ ದಾರಿ ಇದೆ. ಐಸಿಎಂಆರ್ ಮಾರ್ಗಸೂಚಿಯಲ್ಲೇ ಇದೆ, ನಾವು ಓದಿರಲಿಲ್ಲ ಅಷ್ಟೇ. ಸಹಿಯನ್ನೂ ಹೆಬ್ಬೆಟ್ಟನ್ನೂ ಕೊಡಲು ಮನಸ್ಸಿಲ್ಲದವರಿಂದ ಬಾಯಿಮಾತಿನ ಒಪ್ಪಿಗೆ ತಗೊಳ್ಳಬಹುದು. ಎಥಿಕ್ಸ್ ಕಮಿಟಿ ಒಪ್ಪಬೇಕು, ಹೊರಗಿನ ಸಾಕ್ಷಿ ಸಹಿ ಹಾಕಬೇಕು. ವಿಡಿಯೋ ಮಾಡುವುದಾದರೆ ಕೊಡುವವರು, ಕೇಳುವವರು, ಸಾಕ್ಷಿ ಮೂವರೂ ಅದರಲ್ಲಿ ಕಾಣಬೇಕು. ಕಮಿಟಿ ಒಪ್ಪಿತು. ವಿಡಿಯೋ ಅಂದದ್ದೇ ಅಜ್ಜಿ ಒಳಗೆ ಹೋಗಿ ಮಡಿಕೆ ಬಿಚ್ಚದ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಸಾಕ್ಷಿ. ಮೊಬೈಲ್ ಹಿಡಿದದ್ದು ನಮ್ಮ ಡ್ರೈವರ್.

ಎರಡನೇ ಹಂತದಲ್ಲಿ ಗುಂಪು ಮಾಡುವುದನ್ನು ವಿವರಿಸಲು ನನ್ನದೇ ಬುದ್ಧಿ ಓಡಿಸಿ ಕೈಸುಟ್ಟುಕೊಂಡೆ. ಯಾರಿಗೆ ದಿನಾ ಮಾತ್ರೆ, ಯಾರಿಗೆ ದಿನ ಬಿಟ್ಟು ದಿನ ಅನ್ನುವುದನ್ನು ಕಂಪ್ಯೂಟರ್ ಆರಿಸುತ್ತದೆ. ‘ನೀವು ಚೀಟಿ ಎತ್ತುವುದಿಲ್ವಾ, ಹಾಗೆ’ ಅಂದೆ. ಎಲ್ಲರೂ ತಲೆಯಾಡಿಸಿದರು. ಇದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ ಅಂದುಕೊಂಡೆ. ಎರಡು ತಿಂಗಳ ಮೇಲೆ ಒಬ್ಬರು ಕೇಳಿದರು, ‘ನಮ್ಮ ಸರದಿ ಯಾವಾಗ? ಅವರಿಗೆ ದಿನಾ ಆಯ್ತಲ್ಲ.’ ಹೌದಲ್ಲ! ಚೀಟಿಯಲ್ಲಿ ಈ ತಿಂಗಳು ಬಾರದಿದ್ದರೆ ಮುಂದಿನ ತಿಂಗಳು ಬರುತ್ತದೆ. ಎಲ್ಲರಿಗೂ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಇಲ್ಲಿ ಹಾಗಲ್ಲ, ಬಿದ್ದ ಗುಂಪೇ ಕೊನೆವರೆಗೆ. ದಿನ ಬಿಟ್ಟು ದಿನದವರಿಗೆ ತಮಗೆ ಅರ್ಧ ರೇಶನ್ ಕೊಟ್ಟ ಹಾಗೆ ಅನ್ನಿಸಿತ್ತು. ಯಾಕೆ ಹಾಗೆ ಕೊಡುತ್ತೇವೆ ಅನ್ನುವುದನ್ನು ಆಗ ಬಿಡಿಸಿ ಹೇಳಬೇಕಾಯಿತು. ಒಂದು ಮಾತ್ರೆ ತಿಂದರೆ ಹೆಪ್ಸಿಡಿನ್ ಅನ್ನುವ ಹಾರ್ಮೋನು ದೇಹದಲ್ಲಿ ಏರುತ್ತದೆ. ಅದು ಸುಮಾರು ಒಂದು ದಿನ ಕಬ್ಬಿಣಾಂಶ ಒಳಗೆ ಹೋಗುವ ಬಾಗಿಲನ್ನು ಅರ್ಧ ಮುಚ್ಚಿಡುತ್ತದೆ. ಮರುದಿನವೇ ಇನ್ನೊಂದು ತಿಂದರೆ ಅದರ ಪಾಲು ಕಡಿಮೆ ಹೀರಿಕೊಳ್ಳಬಹುದು. ಅದಕ್ಕೇ ಬಿಟ್ಟು ಬಿಟ್ಟು ಕೊಟ್ಟರೆ ಹೇಗೆ ಅನ್ನುವ ಪ್ರಶ್ನೆ. ಕೇಳಿದ ಮೇಲೆ ಅದೇ ಅಕ್ಕ, ‘ಹಾಗಾದ್ರೆ ದಿನಾ ತಿನ್ನುವವರಿಗೆ ಮೋಸ ಆಗ್ತಿದೆಯಾ?’ ಅಂದರು. ಸರಿಯಾದ ಪ್ರಶ್ನೆ. ನಮಗೂ ಗೊತ್ತಿಲ್ಲ ಅಂದೆ.

ಒಂದು ಕಡೆ ಮಾತ್ರ ಪತ್ರವನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಅದು ಬೇರೆ ಅಧ್ಯಯನ. ದೇಹದಲ್ಲಿ ಯಾವ್ಯಾವ ಲೋಹದ ಅಂಶ ಇದೆ ಅಂತ ನೋಡಲು ಕೂದಲು, ಉಗುರಿನ ಸ್ಯಾಂಪಲ್ ಬೇಕಿತ್ತು. ಪಟ್ಟಿಯಲ್ಲಿ ಕೊರಗ ಸಮುದಾಯದ ಒಂದು ಕಾಲನಿಯೂ ಇತ್ತು. ನಾನು ಮಾತು ಶುರು ಮಾಡಿ ‘ಕೂದಲು, ಉಗುರು’ ಅಂದೆ. ಬುಟ್ಟಿ ಹೆಣೆಯುತ್ತಿದ್ದ ಹಿರಿಯರೊಬ್ಬರು ಬಳ್ಳಿ ಕೆಳಗಿಟ್ಟು ನನ್ನನ್ನೇ ನೋಡಿದರು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದುದೂ ಆ ಪದ್ಧತಿಯಲ್ಲಿತ್ತು. ಕಾನೂನಿನಲ್ಲೇ ಹಾಗೆ ಬರೆದಿದೆ. ಇದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಪ್ರೊಟೊಕಾಲ್ ಬರೆದವರಿಗೂ ಹೊಳೆದಿರಲಿಲ್ಲ. ಅಲ್ಲಿನ ಯುವಕನೊಬ್ಬ ಸಿಟ್ಟಿಲ್ಲದೆ ಕೇಳಿದ: ‘ನಮ್ಮ ಬಗ್ಗೆ ಎಷ್ಟು ಮಂದಿ ಪಿಎಚ್‌ಡಿ ಮಾಡಿದ್ರು ಅಕ್ಕ? ಯಾರಾದ್ರೂ ತಿರುಗಿ ಬಂದು ಅದರಲ್ಲಿ ಎಂತ ಉಂಟು ಅಂತ ಹೇಳಿದ್ದಾರಾ?’ ತಪ್ಪಾಯಿತು ಅಂತ ಹೇಳಿ ಎದ್ದು ಬಂದೆ. ಆ ಕಾಲನಿಯನ್ನು ಪಟ್ಟಿಯಿಂದ ತೆಗೆಸಿದೆವು. ಅವನ ಪ್ರಶ್ನೆಯಿಂದಾಗಿ ನಮ್ಮ ಬೀಡಿ ಅಧ್ಯಯನದ ಫಲಿತಾಂಶವನ್ನು ಮಾತ್ರ ಊರೂರಿಗೆ ಹೋಗಿ ಭಜನಾ ಮಂದಿರದ ಚಾವಡಿಯಲ್ಲಿ ಕೂತು ಹೇಳಿ ಬಂದೆವು.

‘ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ.’ ಎಲ್ಲ ಪತ್ರಗಳಲ್ಲೂ ಇರುವ ಸಾಲು. ಅದನ್ನು ನಿಜವಾಗಿ ಬಳಸಿಕೊಂಡವರನ್ನು ನಾನು ಆವರೆಗೆ ನೋಡಿರಲಿಲ್ಲ. ಬರುವುದನ್ನು ನಿಲ್ಲಿಸಿದವರು, ಫೋನ್ ಎತ್ತದವರು ಇದ್ದರು. ಬಿಡ್ತೇನೆ ಅಂತ ಬಂದು ಹೇಳಿದವರು ಇರಲಿಲ್ಲ. ಎಂಟನೇ ತಿಂಗಳಲ್ಲಿ ಒಬ್ಬರು ಫೋನ್ ಮಾಡಿದರು. ಎಲ್ಲ ತಿಳಿದೇ ಸಹಿ ಹಾಕಿದ್ದವರು, ರಕ್ತ ಇಡಲೂ ಒಪ್ಪಿದ್ದವರು. ‘ನನ್ನ ರಕ್ತ ನಿಮ್ಮಲ್ಲಿ ಇಡುವುದು ಬ್ಯಾಡ. ತೆಗೆಯುವುದನ್ನು ನಾನು ನೋಡ್ಬೇಕು’ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬಾರದು. ಕೇಳದೆ ಇರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಬಸ್ಸಿನ ಹಣ ಕೊಡ್ತೇವೆ ಅಂದರೂ ತಗೊಳ್ಳಲಿಲ್ಲ. ಒಂದು ಬುಧವಾರ ಎರಡು ಬಸ್ಸು ಬದಲಾಯಿಸಿ ಬಂದರು. ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಟ್ಟರು, ಬೇಡ ಅಂದರೂ ಕೇಳಲಿಲ್ಲ. ಟೆಕ್ನಿಶಿಯನ್ ಫ್ರೀಜರ್ ತೆಗೆದಾಗ ಹೊಗೆಯ ಹಾಗೆ ತಂಪು ಹೊರಗೆ ಬಂತು. ಸಾಲಾಗಿ ನಿಂತ ಚಿಕ್ಕ ಚಿಕ್ಕ ಟ್ಯೂಬುಗಳು. ಅವರು ಕನ್ನಡಕ ಹಾಕಿ ಬಗ್ಗಿ ನೋಡಿದರು.

‘ನನ್ನ ಹೆಸರು ಎಲ್ಲಿ?’

ಹೆಸರು ಹಾಕುವುದಿಲ್ಲ, ನಂಬರ್ ಮಾತ್ರ, ಯಾರದ್ದು ಅಂತ ಇಲ್ಲಿನವರಿಗೂ ಗೊತ್ತಾಗಬಾರದು ಅಂದೆ. ಬೀಗ ಹಾಕಿದ ಕಪಾಟಿನಿಂದ ರಿಜಿಸ್ಟರ್ ತಂದು, ಅವರ ಹೆಸರಿನ ಎದುರಿದ್ದ ನಂಬರನ್ನು ಬೆರಳಿಟ್ಟು ತೋರಿಸಿದೆ. ಅವರು ತಮ್ಮ ಚೀಲದಿಂದ ನಾವು ಕೊಟ್ಟಿದ್ದ ಪತ್ರದ ಪ್ರತಿ ತೆಗೆದರು. ನಾಲ್ಕಾಗಿ ಮಡಚಿ ಪ್ಲಾಸ್ಟಿಕ್ಕಿನಲ್ಲಿಟ್ಟಿದ್ದರು. ಪತ್ರದ ನಂಬರ್, ರಿಜಿಸ್ಟರಿನ ನಂಬರ್, ಟ್ಯೂಬಿನ ನಂಬರ್ ಮೂರನ್ನೂ ಒಂದೊಂದೇ ಅಂಕೆ ಓದಿ ತಾಳೆ ನೋಡಿದರು. ಬ್ರಾಂಚಿನಲ್ಲಿ ಬೀಡಿ ಲೆಕ್ಕ ತಾಳೆ ನೋಡುವವರ ಹಾಗೆ.

‘ಇಷ್ಟೇನಾ?’ ಅಂದರು ಟ್ಯೂಬನ್ನು ನೋಡಿ.

ಇಷ್ಟೇ ಅಂದೆ. ಟೆಕ್ನಿಶಿಯನ್ ಅದನ್ನು ನಾಶ ಮಾಡುವ ಡಬ್ಬಕ್ಕೆ ಹಾಕಿ ರಿಜಿಸ್ಟರಿನಲ್ಲಿ ಗೆರೆ ಎಳೆದ. ಅಲ್ಲೊಂದು ಸಹಿ ಬೇಕಿತ್ತು. ಪೆನ್ನು ಕೊಟ್ಟೆ. ಅವರು ಹಾಕಲಿಲ್ಲ. ಮೊದಲು ಗೆರೆಯ ಪಕ್ಕ ಬರೆದದ್ದನ್ನು ಪೂರ್ತಿ ಓದಿದರು. ತಾರೀಕು ತಪ್ಪಿತ್ತು, ತಿದ್ದಿಸಿದರು. ಆಮೇಲೆ ಸಹಿ ಹಾಕಿ, ಗೋಡೆಯ ಗಡಿಯಾರ ನೋಡಿ, ಮೂರೂವರೆ ಬಸ್ಸು ಸಿಗದಿದ್ದರೆ ಬ್ರಾಂಚು ಬಾಗಿಲು ಹಾಕ್ತದೆ ಅಂತ ಚಪ್ಪಲಿ ಮೆಟ್ಟಿ ಹೊರಟರು.